ಚಿಂತೆಗೂ ಹೊತ್ತುಗೊತ್ತು ಬೇಕು

"ತಲೆ ಕೆಡಿಸ್ಕೋಬೇಡ, ಬಿಡತ್ಲಾಗೆ." ಚಿಂತೆ ಹತ್ತಿದವರಿಗೆ ನಮ್ಮ ದಾವಣಗೆರೆ ಸೀಮೆಯಲ್ಲಿ ಮೊದಲು ಸಿಗುವ ಸಲಹೆ ಇದೇ. ಹೇಳುವವರ ಅಂತಃಕರಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬಿಡುವುದು ಅಷ್ಟು ಸಲೀಸಾಗಿದ್ದರೆ ಚಿಂತೆ ಹತ್ತಿದವರು ಯಾವತ್ತೋ ಬಿಟ್ಟಿರುತ್ತಿದ್ದರು. ಒಂದು ವಿಚಾರವನ್ನು ನೆನೆಯಲೇಬಾರದು ಎಂದು ಹಟ ಹಿಡಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ತೋರಿಸಿದ್ದಾರೆ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಮೊಳಗುತ್ತಲೇ ಇತ್ತು. ಆಮೇಲೆ ನೆನೆಯಬಹುದು ಎಂದಾಗ, ಮೊದಲಿನಿಂದ ಯಾವ ತಡೆಯೂ ಇಲ್ಲದೆ ನೆನೆದವರಿಗಿಂತ ಇವರ ತಲೆಗೇ ಕರಡಿ ಹೆಚ್ಚು ಸಲ ಬಂತು.

ಅತಿ ಯೋಚನೆ ಕೆಲಸವಿಲ್ಲದವರ ಕಾಯಿಲೆ, ಮೈಮುರಿದು ದುಡಿದವನಿಗೆ ಮಲಗಿದೊಡನೆ ನಿದ್ದೆ ಎಂಬ ಇನ್ನೊಂದು ಮಾತಿದೆ. ಅದನ್ನೂ ನಾನು ಒಪ್ಪುವುದಿಲ್ಲ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರನ್ನೇ ನೋಡಿ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ರಾಶಿ ಅಡಿಕೆ ಚೀಲದಲ್ಲಿದೆ. ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ನ ರೇಟು ಮೊಬೈಲಿಗೆ ಬಂದಿದೆ. ಇವತ್ತೇ ಕೊಟ್ಟು ನಾಳೆ ರೇಟು ಏರಿದರೆ? ಇಟ್ಟುಕೊಂಡು ಇಳಿದುಬಿಟ್ಟರೆ? ರಾತ್ರಿ ಹನ್ನೊಂದಕ್ಕೆ ರೇಟಿನಿಂದ ಹೊರಟ ಯೋಚನೆ ಹೋದ ವರ್ಷ ಅವಸರಪಟ್ಟು ಮಾರಿದ್ದಕ್ಕೆ ಬರುತ್ತದೆ. ಅಲ್ಲಿಂದ ಅಣ್ಣ ತಮ್ಮಂದಿರ ಪಾಲಿಗೆ, ಪಾಲಿನಿಂದ ಮಗಳ ಮದುವೆಗೆ, ಕೊನೆಗೆ 'ನನ್ನ ಕೈಲಿ ಏನೂ ಆಗುವುದಿಲ್ಲ' ಎಂಬಲ್ಲಿಗೆ. ಅಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಬರುತ್ತದೆ, ಎದ್ದು ಹೋಗಿ ಮೋಟರ್ ಹಾಕಿ ಬರಬೇಕು. ದುಡಿತದಲ್ಲಿ ಕೊರತೆ ಎಲ್ಲಿದೆ? ಇಷ್ಟೆಲ್ಲ ಯೋಚಿಸಿದರೂ ಎಷ್ಟು ಚೀಲ ಮಾರುವುದು, ಯಾವ ವಾರ ಮಾರುವುದು ಎಂಬುದು ಮಾತ್ರ ಇತ್ಯರ್ಥವಾಗಿರುವುದಿಲ್ಲ.

ತೊಂದರೆ ಇರುವುದು ಇಲ್ಲೇ. ಹೆಚ್ಚು ಯೋಚಿಸುವುದು ದೋಷವಲ್ಲ. ಬೇಸಾಯ ಮಾಡುವವರು, ಮನೆ ನಡೆಸುವವರು ಯೋಚಿಸದೆ ಬದುಕಲಾರರು. ಯೋಚನೆ ಒಂದು ತೀರ್ಮಾನಕ್ಕೆ ಮುಟ್ಟದೆ ಸುತ್ತುತ್ತಲೇ ಇರುವುದು ದೋಷ. ಲೆಕ್ಕ ಹಾಕುವುದು ಬೇರೆ, ಕೊರಗುವುದು ಬೇರೆ. ಲೆಕ್ಕದಲ್ಲಿ ಅಂಕಿ ಇರುತ್ತದೆ, ತಾರೀಖು ಇರುತ್ತದೆ, ಮುಗಿಯುವ ಜಾಗ ಇರುತ್ತದೆ. ಕೊರಗಿನಲ್ಲಿ 'ನನಗೇ ಯಾಕೆ ಹೀಗೆ' ಎಂಬ ಉತ್ತರವಿಲ್ಲದ ಪ್ರಶ್ನೆಯೊಂದೇ ಇರುತ್ತದೆ. ಬೇಸರವಾದಾಗ ಆ ಬೇಸರವನ್ನೇ ಮೆಲುಕು ಹಾಕುವವರು ಅದರಲ್ಲಿ ಹೆಚ್ಚು ಕಾಲ ಸಿಕ್ಕಿಬೀಳುತ್ತಾರೆ ಎಂದು ಮನೋವಿಜ್ಞಾನಿ ಸೂಸನ್ ನೋಲೆನ್-ಹೋಕ್ಸೆಮಾ 1990ರ ದಶಕದ ತಮ್ಮ ಸಂಶೋಧನೆಗಳಲ್ಲಿ ಕಂಡುಕೊಂಡರು. ಮೆಲುಕು ಹಾಕುವವರಿಗೆ ತಾವು ಸಮಸ್ಯೆ ಬಿಡಿಸುತ್ತಿದ್ದೇವೆ ಎಂದೇ ಅನ್ನಿಸುತ್ತಿರುತ್ತದೆ. ಮೋಸ ಹೋಗುವುದು ಅಲ್ಲಿಯೇ.

ಹಾಗಾಗಿ ಚಿಂತೆಯನ್ನು ಓಡಿಸುವ ಬದಲು ಅದಕ್ಕೆ ಹೊತ್ತುಗೊತ್ತು ಮಾಡಿಕೊಡುವುದು ಮೇಲು. ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಸೂಚಿಸಿದ ವಿಧಾನ ಇದು: ದಿನಕ್ಕೆ ಅರ್ಧ ಗಂಟೆ, ಅದೇ ಜಾಗ, ಅದೇ ಸಮಯ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಆ ಅರ್ಧ ಗಂಟೆಗೆ ಮುಂದೂಡಬೇಕು. ನಮ್ಮಲ್ಲಿ ಇದಕ್ಕೆ ಸಂಜೆಯ ಜಗಲಿ ಸಾಕು, ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಹಾಸಿಗೆ ಮಾತ್ರ ಬೇಡ. ಹಾಳೆಯ ನಡುವೆ ಗೆರೆ ಎಳೆದು, ಕೈಯಲ್ಲಿರುವುದನ್ನು ಒಂದು ಕಡೆ, ಇಲ್ಲದ್ದನ್ನು ಇನ್ನೊಂದು ಕಡೆ ಬರೆಯಬೇಕು. ಹತ್ತು ಚೀಲ ಈಗ, ಉಳಿದದ್ದು ಹಬ್ಬ ಕಳೆದ ಮೇಲೆ ಎಂದು ಬರೆದರೆ ಅದು ಮುಗಿದ ಲೆಕ್ಕ. ಮಾರುಕಟ್ಟೆ ಹೇಗಾದರೂ ಆಡಲಿ, ಆ ರಾತ್ರಿ ಅದನ್ನು ಮತ್ತೆ ತೆಗೆಯಬೇಕಿಲ್ಲ.

ಮಳೆಗಾಲ ಬಂತೆಂದರೆ ಹೊನ್ನಾಳಿ, ಚನ್ನಗಿರಿಯ ಅಚ್ಚುಕಟ್ಟಿನವರು ದಿನವೂ ಕೇಳುವ ಪ್ರಶ್ನೆ 'ಡ್ಯಾಂ ಎಷ್ಟಡಿ ಆತು?' ಭದ್ರಾ ಜಲಾಶಯ ತುಂಬಲು 186 ಅಡಿ ಆಗಬೇಕು. ಭತ್ತದ ಸಸಿಮಡಿ ಮಾಡುವುದೋ ಬೇಡವೋ ಎಂದು ತೀರ್ಮಾನಿಸಲು ಆ ಅಂಕಿ ಬೇಕೇ ಬೇಕು, ಅದನ್ನು ಬೆಳಿಗ್ಗೆ ಒಮ್ಮೆ ನೋಡಿದರೆ ಸಾಕು. ದಿನಕ್ಕೆ ಇಪ್ಪತ್ತು ಸಲ ನೋಡಿದರೆ ನೀರು ಏರುವುದಿಲ್ಲ, ಎದೆಬಡಿತ ಏರುತ್ತದೆ.

ಆದರೆ ಕೈಯಲ್ಲಿಲ್ಲದ್ದನ್ನೆಲ್ಲ ಮರೆತುಬಿಡಿ ಎಂಬ ಉಪದೇಶಕ್ಕೆ ನನ್ನ ವಿರೋಧವಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿ ಕಡೆ ತೋಟ ಉಳಿಸಿಕೊಳ್ಳಲು ಟ್ಯಾಂಕರ್‌ನಲ್ಲಿ ನೀರು ಹೊಯ್ದರು. ಜಗಳೂರಿನವರು ಭದ್ರಾ ಮೇಲ್ದಂಡೆ ನೀರಿಗಾಗಿ ವರ್ಷಗಳಿಂದ ಕಾಯುತ್ತಿದ್ದಾರೆ. ಆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಗಿತ್ತು. ನ್ಯಾಮತಿಯಲ್ಲೋ ಜಗಳೂರಿನಲ್ಲೋ ಸಾಲದ ವಾರದ ಕಂತು ಕಟ್ಟಲಾಗದೆ, ಬಾಗಿಲು ಬಡಿದ ಸದ್ದಿಗೆ ಬೆಚ್ಚಿಬೀಳುವ ಹೆಣ್ಣುಮಗಳಿಗೆ ಕಣ್ಣು ಮುಚ್ಚಿ ಉಸಿರು ಎಣಿಸಿದರೆ ನೆಮ್ಮದಿ ಬರುತ್ತದೆ ಎನ್ನುವುದು ಅನ್ಯಾಯ. ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದದ್ದು, ಆ ಭಯ ಮನಸ್ಸಿನ ದೌರ್ಬಲ್ಯವಲ್ಲ ಎಂಬುದಕ್ಕೆ ಸಾಕ್ಷಿ. ಒಬ್ಬರ ಕೈಯಲ್ಲಿಲ್ಲದ್ದು ಹತ್ತು ಮಂದಿಯ ಕೈಯಲ್ಲಿ ಇರಬಹುದು. ಸಂಘದಲ್ಲಿ ಎತ್ತಿದ ಪ್ರಶ್ನೆ, ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿ ಕೂಡ ಚಿಂತೆಗೆ ಮದ್ದೇ.

ತೀರ್ಥರಾಮೇಶ್ವರಕ್ಕೋ ಹೊನ್ನಾಳಿಯ ಹಿರೇಕಲ್ಮಠಕ್ಕೋ ಸೂರಗೊಂಡನಕೊಪ್ಪದ ಸೇವಾಲಾಲರ ಸನ್ನಿಧಿಗೋ ಹೋಗಿ ಹಗುರಾಗಿ ಬರುವವರನ್ನು ನಾನು ಗೌರವದಿಂದಲೇ ಕಾಣುತ್ತೇನೆ. ಅಲ್ಲಿ ನಾಲ್ಕು ಜನ ಸಿಗುತ್ತಾರೆ, ಮಾತು ಹೊರಬೀಳುತ್ತದೆ.

ಇವೆಲ್ಲ ಸಾಲದೆ ಬರುವ ಸ್ಥಿತಿಯೊಂದಿದೆ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನ್ನಿಸುತ್ತಿದೆ ಎಂದರೆ ಅದು ಕಾಯಿಲೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಸಮಸ್ಯೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದೂರ, ಖರ್ಚು, ಅದಕ್ಕಿಂತ ಮಿಗಿಲಾಗಿ 'ಹುಚ್ಚು ಅಂದಾರು' ಎಂಬ ಅಂಜಿಕೆ. ಮನಸ್ಸಿನ ಬಗ್ಗೆ ಬರೆದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕ ಕನ್ನಡದಲ್ಲಿ ಈ ಅಂಜಿಕೆ ಇನ್ನೂ ಉಳಿದಿರುವುದು ನೋವಿನ ಸಂಗತಿ. ನಮ್ಮ ಜಿಲ್ಲೆಯಲ್ಲಂತೂ ದಾರಿ ತೆರೆದಿದೆ. ಜಗಳೂರು ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ ಮನೋರೋಗಿಗಳ ಆರೈಕೆಗೆ ಕೆಲಸ ಮಾಡಿದ್ದಾರೆ. ದೀಪಿಕಾ ಪಡುಕೋಣೆ ಅವರ ಲಿವ್ ಲವ್ ಲಾಫ್ ಪ್ರತಿಷ್ಠಾನ ತನ್ನ ಗ್ರಾಮೀಣ ಕಾರ್ಯಕ್ರಮವನ್ನು 2016ರಲ್ಲಿ ಶುರುಮಾಡಿದ್ದು ದಾವಣಗೆರೆ ಜಿಲ್ಲೆಯಿಂದಲೇ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ರಾತ್ರಿ ಕಳೆಯುತ್ತಿದ್ದರೆ ಪಕ್ಕದಲ್ಲಿ ಕುಳಿತು ಕೇಳಿ, ಬುದ್ಧಿ ಹೇಳಬೇಡಿ. ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಅದಕ್ಕೂ ಮೊದಲೇ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.