ಯಾವುದರಲ್ಲಿ ಶೇಕಡಾ 98?

ಪ್ರಯೋಗಾಲಯಕ್ಕೆ ಪೆಪ್ಟೈಡ್ ತರಿಸುವವರು ಪ್ರಮಾಣಪತ್ರದಲ್ಲಿ ‘ಶುದ್ಧತೆ ಶೇಕಡಾ 98’ ಎಂದು ಕಂಡೊಡನೆ ನಿಶ್ಚಿಂತರಾಗಿಬಿಡುತ್ತಾರೆ. ಯಾವುದರಲ್ಲಿ 98, ಸ್ವಾಮಿ? ಎಚ್‌ಪಿಎಲ್‌ಸಿ ಯಂತ್ರ ಪೆಪ್ಟೈಡನ್ನು ಅದರಂಥದೇ ಕಲ್ಮಶಗಳ ಜೊತೆ ಹೋಲಿಸುತ್ತದೆ, ಅಷ್ಟೇ. ಪುಡಿಯೊಳಗಿನ ನೀರು, ಟ್ರೈಫ್ಲೂರೋಅಸಿಟಿಕ್ ಆಮ್ಲದ ಲವಣ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಒಂದು ಮಿಲಿಗ್ರಾಂ ತೂಗಿದರೆ ನಿಜವಾದ ಪೆಪ್ಟೈಡ್ 0.7 ಮಿಲಿಗ್ರಾಂ ಮಾತ್ರ ಇರುವುದು ಅಪರೂಪವೇನಲ್ಲ. (ಹಾಲಿಗೆ ಇಷ್ಟು ನೀರು ಬಿದ್ದಿದ್ದರೆ ಬೀದಿಜಗಳವಾಗುತ್ತಿತ್ತು.) ನೀರು, ಲವಣ ಉಳಿಯುವುದು ತಯಾರಿಕೆಯ ಸ್ವಭಾವ, ಅದನ್ನು ಬರೆಯದಿರುವುದು ಮೋಸ. ಆ ಕಾಗದ ನಂಬಿ ದ್ರಾವಣ ಮಾಡಿದ ಸಂಶೋಧನಾ ವಿದ್ಯಾರ್ಥಿಯ ವರ್ಷಗಟ್ಟಲೆಯ ಅಳತೆಗಳು ಹಾಳು.

ಮಾರುವವರೇ, ಮಾಸ್ ಸ್ಪೆಕ್ಟ್ರಮ್ ತೋರಿಸಿ ಬಾಯಿ ಮುಚ್ಚಿಸಬೇಡಿ: ಲ್ಯೂಸಿನ್, ಐಸೊಲ್ಯೂಸಿನ್‌ಗಳ ತೂಕ ಒಂದೇ, ಅದಲುಬದಲಾದರೂ ಆ ಅಂಕಿ ಕದಲದು. ಅಮೈನೋ ಆಮ್ಲ ವಿಶ್ಲೇಷಣೆಯಿಂದ ಬಂದ ಪೆಪ್ಟೈಡ್ ಪ್ರಮಾಣ ಕೊಡಿ. ಸೀಸೆಯ ಲಾಟ್ ನಂಬರೇ ಕಾಗದದಲ್ಲೂ ಇರಲಿ. ಇಲ್ಲದಿದ್ದರೆ ಬಿಲ್ಲಿಗೆ ಸಹಿ ಹಾಕುವವನು ನಾನಲ್ಲ.