ಉಸಿರು ಬಿಡೋದು ಕಲೀರಿ, ಆಮೇಲೆ ಕ್ಯಾಮೆರಾ ಹಿಡೀರಿ

ಮುರುಡೇಶ್ವರದಲ್ಲಿ ಸ್ಕೂಬಾ ಕೋರ್ಸ್ ಮುಗಿಸಿ ಸಾತನೂರಿಗೆ ವಾಪಸ್ ಬಂದ ದಿನ ಸರ್ಕಲ್‌ನಲ್ಲಿ ಟೀ ಕುಡಿಯುತ್ತಿದ್ದೆ. ನಾಲ್ಕು ದಿನ ಸಮುದ್ರದಲ್ಲಿ ಮುಳುಗಿ ಎದ್ದು ಬಂದವನಿಗೆ ಗೆಳೆಯರು ಕೇಳಿದ ಮೊದಲ ಪ್ರಶ್ನೆ, "ಫೋಟೊ ಎಲ್ಲಿ ಮಗಾ?" ತೆಗೆದಿಲ್ಲ ಅಂದೆ. "ತೆಗೆದಿಲ್ವಾ? ಹಂಗಾದ್ರೆ ಹೋಗಿದ್ಯೋ ಇಲ್ವೋ?" ಒಳಗೆ ಏನು ಕಂಡೆ, ಭಯ ಆಯ್ತಾ, ಕಿವಿ ನೋಯ್ತಾ ಅಂತ ಒಬ್ಬನೂ ಕೇಳಲಿಲ್ಲ. ಫೋಟೊ ಇಲ್ಲ ಅಂದ ಮೇಲೆ ಹೋಗಿ ಬಂದದ್ದೂ ಲೆಕ್ಕಕ್ಕಿಲ್ಲ.

ನನ್ನ ಜಗಳ ಇರೋದು ಇದರ ಜೊತೆಗೇ. ಸಮುದ್ರದೊಳಗೆ ಫೋಟೊ ತೆಗೆಯೋಕೆ ಅವಸರಪಡುವ ಹೊಸಬರನ್ನು ತಡೀಬೇಕು. ಇನ್ನೂ ಖಾರವಾಗಿ ಹೇಳಬೇಕಂದ್ರೆ, ಕೈಕಾಲು ಬಡಿಯದೆ ಒಂದು ನಿಮಿಷ ಒಂದೇ ಮಟ್ಟದಲ್ಲಿ ತೇಲಿಕೊಂಡು ನಿಲ್ಲೋಕೆ ಬಾರದವನ ಕೈಗೆ ಕ್ಯಾಮೆರಾ ಕೊಡಲೇಬಾರದು.

ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ ನೇತ್ರಾಣಿ ದ್ವೀಪ. ಒಂದು ಕಾಲದಲ್ಲಿ ನೌಕಾಪಡೆಯವರು ಗುರಿ ಇಟ್ಟು ಹೊಡೆಯೋ ಅಭ್ಯಾಸಕ್ಕೆ ಬಳಸುತ್ತಿದ್ದ ಗುಡ್ಡ ಅದು. 2022ರಲ್ಲಿ 'ಗಂಧದ ಗುಡಿ' ಬಂತು. ಅಪ್ಪು ನೇತ್ರಾಣಿಯ ನೀರಿಗೆ ಇಳಿದಿದ್ದನ್ನು ನೋಡಿದ ಮೇಲೆಯೇ ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಕರ್ನಾಟಕದಲ್ಲೂ ಇಂಥ ಜಾಗ ಇದೆ ಅಂತ ಗೊತ್ತಾಗಿದ್ದು. ಒಳ್ಳೆಯದೇ ಆಯಿತು. ಆದರೆ ಅಲ್ಲಿಗೆ ಹೋದವರು ತಂದದ್ದೇನು? ಹಿಂದೆ ನೀಲಿ, ಮುಂದೆ ಬಂಡೆ ಹಿಡಿದುಕೊಂಡು ಬೆರಳಲ್ಲಿ 'ಓಕೆ' ತೋರಿಸುತ್ತಿರುವ ತಾವು. "ಈಜು ಬರಬೇಕಾಗಿಲ್ಲ, ಫೋಟೊ ವಿಡಿಯೊ ಫ್ರೀ" ಅನ್ನೋ ಜಾಹೀರಾತು ನೋಡಿದ್ದೀರಲ್ಲ, ಅಲ್ಲಿ ಮಾರಾಟಕ್ಕಿಟ್ಟಿರೋದು ಸಮುದ್ರ ಅಲ್ಲ, ನಿಮ್ಮದೇ ಮುಖ.

ನಾನೇನು ಸಾಚಾ ಅಲ್ಲ. ಮಾರನೇ ವರ್ಷ ಗೆಳೆಯನ ಕ್ಯಾಮೆರಾ ಕಡ ತಗೊಂಡು ಮತ್ತೆ ನೇತ್ರಾಣಿಗೆ ಹೋದೆ. 12 ಮೀಟರ್ ಆಳದಲ್ಲಿ, ಬಂಡೆಯ ಸಂದಿಯಲ್ಲಿ ಒಂದು ಲಯನ್‌ಫಿಷ್. ಕಣ್ಣು ಪರದೆಗೆ ಅಂಟಿಕೊಂಡಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಜೊತೆಗಿದ್ದವನು ಭುಜ ತಟ್ಟಿ ನನ್ನ ಗಾಳಿಯ ಮೀಟರ್ ತೋರಿಸಿದ. 40 ಬಾರ್! 50 ಉಳಿದಿರುವಾಗಲೇ ದೋಣಿ ಹತ್ತಿರ ಇರಬೇಕು ಅಂತ ಕಲಿಸಿದ್ದರು. ಗಾಬರಿಯಲ್ಲಿ ತಿರುಗಿದೆ, ಕಾಲಿನ ಫಿನ್ ಹಿಂದಿದ್ದ ಹವಳಕ್ಕೆ ಬಡಿದು ಒಂದು ಚೂರು ಮುರಿದು ಕೆಳಗೆ ಬಿತ್ತು. ಮೇಲೆ ಬಂದು ನೋಡಿದರೆ ಫೋಟೊದಲ್ಲಿ ಇದ್ದದ್ದು ನೀಲಿ ಮಂಜು, ಅರ್ಧ ಬಾಲ. ಆ ಅರ್ಧ ಬಾಲಕ್ಕೋಸ್ಕರ ನನ್ನ ಜೀವ, ನನ್ನ ಜೊತೆಯವನ ಜೀವ ಎರಡನ್ನೂ ಪಣಕ್ಕಿಟ್ಟಿದ್ದೆ.

ಯಾಕೆ ಹೀಗಾಗುತ್ತೆ? ದಡದ ಮೇಲೆ ಕ್ಯಾಮೆರಾ ಹಿಡಿದವನು ಕೈ ಅಲುಗದಿರಲಿ ಅಂತ ಉಸಿರು ಬಿಗಿ ಹಿಡಿದು ಬಟನ್ ಒತ್ತುತ್ತಾನೆ. ಸ್ಕೂಬಾದಲ್ಲಿ ಮೊದಲ ಪಾಠವೇ ಉಸಿರು ಹಿಡೀಬೇಡ ಅನ್ನೋದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಎದೆ ತುಂಬ ಗಾಳಿ ಎಳೆದು, ಬಿಗಿ ಹಿಡಿದು ಮೇಲೆ ಬಂದರೆ ಅದೇ ಗಾಳಿ ಎರಡು ಪಟ್ಟು ಹಿಗ್ಗೋಕೆ ನೋಡುತ್ತೆ. ಶ್ವಾಸಕೋಶ ಹರಿದುಹೋಗಬಹುದು. ಜೊತೆಗೆ ನೀರಿನಲ್ಲಿ ಶ್ವಾಸಕೋಶವೇ ನಮ್ಮ ಬೆಂಡು. ಉಸಿರು ಎಳೆದರೆ ನಿಧಾನಕ್ಕೆ ಮೇಲೇಳುತ್ತೀವಿ, ಬಿಟ್ಟರೆ ಇಳಿಯುತ್ತೀವಿ. ಈ ಅಳತೆ ಮೈಗೆ ಹತ್ತೋಕೆ ಹತ್ತಾರು ಡೈವ್ ಬೇಕು. ಅದು ಹತ್ತದವನು ಫೋಟೊ ತೆಗೆಯೋಕೆ ಹೋದರೆ ಒಂದು ಕೈಯಲ್ಲಿ ಬಂಡೆ ಹಿಡೀತಾನೆ, ಇನ್ನೊಂದರಲ್ಲಿ ಕ್ಯಾಮೆರಾ.

ಫೋಟೊನಾದರೂ ಚೆನ್ನಾಗಿ ಬರುತ್ತಾ? ಅದೂ ಇಲ್ಲ. ನೀರು ಬಣ್ಣ ತಿನ್ನುತ್ತೆ. ಮೊದಲು ಹೋಗೋದು ಕೆಂಪು, ಐದು ಮೀಟರ್ ಇಳಿಯೋ ಹೊತ್ತಿಗೆ ಅದು ಬಹುಪಾಲು ಮಾಯ. ದೂರದಿಂದ ಫ್ಲಾಶ್ ಹಾಕಿದರೆ ನೀರಲ್ಲಿ ತೇಲೋ ಕಸವೆಲ್ಲ ಬಿಳಿ ಚುಕ್ಕೆಗಳಾಗಿ ಫೋಟೊ ತುಂಬ ಕೂರುತ್ತೆ. ಇದಕ್ಕೆ ಮದ್ದು ಒಂದೇ, ತೋಳಿನಳತೆಯಷ್ಟು ಹತ್ತಿರ ಹೋಗೋದು. ಹತ್ತಿರ ಹೋದಾಗ ಮೀನು ಓಡಬಾರದು, ಮರಳು ಏಳಬಾರದು, ಕಾಲು ಯಾವುದಕ್ಕೂ ತಾಗಬಾರದು. ಅಂದರೆ ಸುತ್ತಿ ಬಳಸಿ ಮತ್ತೆ ತೇಲೋ ವಿದ್ಯೆಗೇ ಬಂದು ನಿಂತಿವಿ. ಲಕ್ಷ ರೂಪಾಯಿಯ ಕ್ಯಾಮೆರಾ ಆ ವಿದ್ಯೆಯನ್ನು ಕಲಿಸಲ್ಲ.

ರೇಷ್ಮೆ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳ ಜ್ವರಕ್ಕೆ ಕೂತಾಗ ಹುಳದ ಮನೆಗೆ ಕಂಡಕಂಡವರನ್ನು ಬಿಡ್ತೀವಾ? ಕೈಕಾಲು ತೊಳೆದು ಒಳಕ್ಕೆ ಹೋಗಬೇಕು, ತಟ್ಟೆ ಅಲುಗಾಡಿಸಬಾರದು. ಬೆಂಗಳೂರಿನ ನೆಂಟರು ಫೋಟೊಗೋಸ್ಕರ ಹುಳ ಎತ್ತಿಕೊಂಡರೆ ನಮ್ಮವ್ವ ನೆಂಟರು ಅಂತಲೂ ನೋಡದೆ ಬೈತಾಳೆ. ಹವಳವೂ ಸಣ್ಣ ಸಣ್ಣ ಜೀವಿಗಳು ಕಟ್ಟಿಕೊಂಡ ಮನೆಯೇ. ಎಷ್ಟೋ ಜಾತಿಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನಮ್ಮ ರಾಗಿ ಹೊಲಕ್ಕೆ ನುಗ್ಗೋ ಆನೆ 1972ರ ವನ್ಯಜೀವಿ ಕಾಯ್ದೆಯ ಯಾವ ಮೊದಲ ಪಟ್ಟಿಯಲ್ಲಿದೆಯೋ, ಹವಳವೂ ಅದೇ ಪಟ್ಟಿಯಲ್ಲಿದೆ. ಆನೆ ಮುಟ್ಟಿ ಫೋಟೊ ತೆಗೆಸಿಕೊಳ್ಳೋ ಧೈರ್ಯ ಯಾರಿಗಿದೆ? ಹವಳ ತಿರುಗಿ ಅಟ್ಟಿಸಿಕೊಂಡು ಬರಲ್ಲ, ಅಷ್ಟೇ ವ್ಯತ್ಯಾಸ.

"ಜೀವನದಲ್ಲಿ ಒಂದ್ಸಲ ಹೋಗೋರು ನಾವು, ಕೋರ್ಸ್ ಮಾಡೋಕೆ ದುಡ್ಡೆಲ್ಲಿ?" ಅಂತೀರಿ. ಒಪ್ಪಿದೆ. ಹೋಗಿ, ಗೈಡ್ ಕೈ ಹಿಡಿದು ಇಳೀರಿ, ಕಣ್ತುಂಬ ನೋಡಿ. ಬೇಕಿದ್ದರೆ ನೀವು ತೇಲುತ್ತಿರುವಾಗ ಅವರೇ ಒಂದು ಫೋಟೊ ತೆಗೀಲಿ. ಬಂಡೆ ಮೇಲೆ ಮಂಡಿ ಊರಿಸಿ ತೆಗೆಯೋದು ಬೇಡ, ಮೀನು ಬರಲಿ ಅಂತ ಬಿಸ್ಕತ್ತು ಉದುರಿಸೋದೂ ಬೇಡ.

"ಫೋಟೊ ನೋಡಿದರೆ ತಾನೇ ಜನಕ್ಕೆ ಸಮುದ್ರದ ಮೇಲೆ ಪ್ರೀತಿ ಬರೋದು" ಅನ್ನೋರೂ ಇದ್ದಾರೆ. ಎಂಥ ಫೋಟೊ ಅನ್ನೋದರ ಮೇಲೆ ಅದು ನಿಂತಿದೆ. ನಮ್ಮ ಕಾವೇರಿಯ ಬಿಳಿಮೀನನ್ನೇ ತಗೊಳ್ಳಿ. ಗಾಲಿಬೋರೆ, ಭೀಮೇಶ್ವರಿಯಲ್ಲಿ ಗಾಳ ಹಾಕಿದ ದೊರೆಗಳು, ಪ್ರವಾಸಿಗಳು ಆ ಮೀನಿನ ಜೊತೆ ತೆಗೆಸಿಕೊಂಡ ಫೋಟೊಗಳಿಗೆ ಬರ ಇಲ್ಲ. ಎಲ್ಲದರಲ್ಲೂ ಮೀನು ನೀರಿನಿಂದ ಆಚೆ, ಯಾರದೋ ತೋಳಿನಲ್ಲಿ. ಲೋಕಕ್ಕೆಲ್ಲ ಹೆಸರಾದ ಆ ಮೀನು ಟಾರ್ ರೆಮದೇವಿಯೈ ಅನ್ನೋ ಜಾತಿ ಅಂತ ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರಿತು. ಅಷ್ಟು ಫೋಟೊ ತೆಗೆಸಿಕೊಂಡೂ ಮೀನಿನ ಗುರುತು ನಮಗೆ ಸಿಕ್ಕಿರಲಿಲ್ಲ. ಯಾಕಂದ್ರೆ ಆ ಫೋಟೊಗಳು ಮನುಷ್ಯನವು.

ಹಾಗಂತ ಕಾವೇರಿಗೆ ಹಾರಿ ಅಂತಿಲ್ಲ ಮಾರಾಯ್ರೆ. ಮೇಕೆದಾಟು, ಸಂಗಮ, ಮುತ್ತತ್ತಿಯಲ್ಲಿ ಬೋರ್ಡ್ ಹಾಕಿದ್ದರೂ ಫೋಟೊ ಹುಚ್ಚಿಗೆ ನೀರಿಗಿಳಿದು ಹೆಣವಾದವರ ಸುದ್ದಿ ನಮಗೆ ಹೊಸದಲ್ಲ. ಮುತ್ತತ್ತಿಯಲ್ಲಿ ಸೀತಮ್ಮನ ಮುತ್ತಿನ ಮೂಗುತಿ ಬಿದ್ದಾಗ ಆಂಜನೇಯ ಬಾಲ ಇಳಿಬಿಟ್ಟು, ನೀರು ಕಲಕಿ ಎತ್ತಿಕೊಟ್ಟ ಅಂತಾರೆ. ಮುತ್ತೆತ್ತಿದ ರಾಯ, ಮುತ್ತತ್ತಿರಾಯ. ಅಪ್ಪು ಅವರ ತಂದೆಗೆ ಮುತ್ತುರಾಜ ಅಂತ ಹೆಸರು ಬಂದದ್ದೂ ಆ ದೇವರಿಂದಲೇ. ಆಂಜನೇಯನಿಗೆ ನೀರು ಕಲಕೋ ಅಧಿಕಾರ ಇತ್ತು. ನಮಗಿಲ್ಲ.

ಡೈವ್ ಅಂಗಡಿಯವರಿಗೆ ನನ್ನದೊಂದೇ ಬೇಡಿಕೆ. ಕ್ಯಾಮೆರಾ ಬಾಡಿಗೆಗೆ ಕೊಡೋ ಮುಂಚೆ ಆ ಮನುಷ್ಯ ಒಂದು ನಿಮಿಷ ತೇಲಿ ನಿಲ್ತಾನಾ ನೋಡಿ. ನಿಲ್ಲದಿದ್ದರೆ ಕೊಡಬೇಡಿ, ಬೈದುಕೊಂಡರೂ ಸರಿ.

ಆ ಹವಳದ ಚೂರು ಬಿದ್ದ ಮೇಲೆ ಎರಡು ಸೀಸನ್ ನಾನು ಬರಿಗೈಯಲ್ಲೇ ಇಳಿದೆ. ಈ ಸಲ ಮತ್ತೆ ಕ್ಯಾಮೆರಾ ಹಿಡಿದೆ. ಮರ್ಯಾದಸ್ಥ ಫೋಟೊ ನಾಲ್ಕೇ ನಾಲ್ಕು ಬಂದಿವೆ. ಸರ್ಕಲ್‌ನಲ್ಲಿ ತೋರಿಸಿದೆ. "ನೀನೆಲ್ಲಿದ್ದೀಯೋ ಇದರಲ್ಲಿ?" ಅಂದರು. ಇಲ್ಲ ಕಣ್ರೋ, ಮೀನಿದೆ ನೋಡಿ ಅಂದೆ.