ನಾಟಕದ ಪಾಠ ಕುಂತು ಓದುವುದಲ್ಲ

ಗ್ಯಾದರಿಂಗ್ ಬಂತೆಂದರೆ ನಮ್ಮ ಶಾಲೆಗಳಿಗೆ ನಾಟಕ ನೆನಪಾಗುತ್ತದೆ. ಬಾಡಿಗೆ ಕಿರೀಟ, ಅಂಟಿಸುವ ಮೀಸೆ, ಮೈಕು ಎಲ್ಲ ಬರುತ್ತವೆ. ಆದರೆ ಕನ್ನಡ ಪುಸ್ತಕದಲ್ಲಿರುವ ನಾಟಕದ ಪಾಠ ಮಾತ್ರ ಬೆಂಚಿನ ಮೇಲೆ ಕುಂತೇ ಮುಗಿದು ಹೋಗುತ್ತದೆ. ಒಬ್ಬ ಓದುತ್ತಾನೆ, ಉಳಿದವರು ಗೆರೆ ಎಳೆಯುತ್ತಾರೆ. ಯಾವ ಮಾತನ್ನು ಯಾರು ಯಾರಿಗೆ ಹೇಳಿದರು ಎಂಬುದನ್ನು ಗೈಡು ನೋಡಿ ಬಾಯಿಪಾಠ ಮಾಡುತ್ತಾರೆ. ನಾವೂ ಹಾಗೇ ಪಾಸಾದವರು, ಸುಳ್ಳು ಯಾಕೆ ಹೇಳಬೇಕು?

ಅಮ್ಮಿನಬಾವಿಯ ಸುತ್ತಮುತ್ತಲ ಈ ಸೀಮೆಯಲ್ಲಿ ಹೀಗಾಗಬಾರದಿತ್ತು. ಇಲ್ಲಿ ಸಣ್ಣಾಟ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ ಆಡಿದ ಎಷ್ಟೋ ಹಿರಿಯರಿಗೆ ಅಕ್ಷರ ಬರುತ್ತಿರಲಿಲ್ಲ. ಮಾಸ್ತರರು ಹೇಳಿದ್ದನ್ನು ಕಿವಿಯಲ್ಲಿ ಹಿಡಿದು, ಹೆಜ್ಜೆಗೆ ಕೂಡಿಸಿ, ರಾತ್ರಿ ತಾಲೀಮಿನಲ್ಲಿ ಕಲಿತರು. ಸತ್ಯಭಾಮೆಗೆ ಸಿಟ್ಟು ಯಾಕೆ ಬಂತು ಅಂತ ತಿಳಿಯಲು ಅವರಿಗೆ ಗೈಡು ಬೇಕಾಗಲಿಲ್ಲ.

ಆ ತಾಲೀಮನ್ನೇ ತರಗತಿಗೆ ತರಬಹುದು. ಪಾಠದ ಒಂದೇ ಪುಟ ತಗೊಳ್ಳಿ. ಇಬ್ಬರನ್ನು ಎಬ್ಬಿಸಿ ನಿಲ್ಲಿಸಿ. 'ಬಾ, ಕೂತುಕೋ' ಅನ್ನುವ ಸಣ್ಣ ಮಾತನ್ನೇ ಒಮ್ಮೆ ಪ್ರೀತಿಯಿಂದ, ಒಮ್ಮೆ ಸಿಟ್ಟಿನಿಂದ, ಒಮ್ಮೆ ಅಂಜಿಕೊಂಡು ಹೇಳಿಸಿ. ಮೂರರಲ್ಲಿ ಇಲ್ಲಿಗೆ ಯಾವುದು ಸರಿ ಅಂತ ಉಳಿದ ಮಕ್ಕಳನ್ನು ಕೇಳಿ. ಈ ಪಾತ್ರ ಈಗ ಎಲ್ಲಿಂದ ಬಂತು, ಇದಕ್ಕೆ ಏನು ಬೇಕಾಗಿದೆ, ಎದುರಿಗಿನವನು ಯಾಕೆ ಕೊಡುತ್ತಿಲ್ಲ? ಜಗಳ ಶುರುವಾಗುತ್ತದೆ, ಆಗಲಿ. ಆ ಜಗಳವೇ ಪಾಠ. ಅಷ್ಟಾದ ಮೇಲೆ ಯಾರು ಯಾರಿಗೆ ಹೇಳಿದರು ಅಂತ ಪರೀಕ್ಷೆಯಲ್ಲಿ ಕೇಳಿದರೂ ಹುಡುಗ ತಡವರಿಸುವುದಿಲ್ಲ.

'ಪೋರ್ಷನ್ ಮುಗಿಯೂದಿಲ್ರೀ' ಅನ್ನುತ್ತಾರೆ ಶಿಕ್ಷಕರು. ಅದು ನೆಪವಲ್ಲ, ಅವರ ಮೇಲಿನ ಭಾರ ನಮಗೂ ಗೊತ್ತು. ಪೂರ್ತಿ ನಾಟಕ ಆಡಿಸಿ ಅಂತ ನಾವು ಕೇಳುತ್ತಿಲ್ಲ. ಒಂದು ಪುಟ, ಒಂದು ಪಿರಿಯಡ್ ಅಷ್ಟೇ. ಗದ್ದಲವಾದರೆ ಪಕ್ಕದ ತರಗತಿಯವರು ಸಹಿಸಿಕೊಳ್ಳುವಂತೆ ಹೆಡ್ ಮಾಸ್ತರರು ನೋಡಿಕೊಳ್ಳಬೇಕು.

'ನಮಗ ಆ್ಯಕ್ಟಿಂಗ್ ಬರೂದಿಲ್ಲ' ಅನ್ನುವವರೂ ಇದ್ದಾರೆ. ಬರಬೇಕಾಗಿಲ್ಲ, ಕೇಳುವ ಪ್ರಶ್ನೆ ಬಂದರೆ ಸಾಕು. ಹಾಗೆ ನೋಡಿದರೆ ಕನ್ನಡ ನಾಟಕಕ್ಕೆ ದೊಡ್ಡ ಹೆಸರು ತಂದ ಶ್ರೀರಂಗರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಮೇಷ್ಟ್ರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ರಂಗಕಲೆ ಶಾಲೆಯ ಕಲಿಕೆಯೊಳಗೇ ಇರಬೇಕು ಎಂದಿತ್ತು. ಕಾಗದ ಬಂದು ಇಷ್ಟು ವರ್ಷವಾಯಿತು.

ಇನ್ನೊಂದು ಮಾತು. ಗ್ಯಾದರಿಂಗಿನಲ್ಲಿ ಪಾತ್ರ ಸಿಗುವುದು ಮೊದಲೇ ಚುರುಕಾಗಿರುವ ನಾಲ್ಕೈದು ಮಕ್ಕಳಿಗೆ. ಹಿಂದಿನ ಬೆಂಚಿನ ಹುಡುಗಿ ಪರದೆ ಎಳೆಯುತ್ತಾಳೆ. ಪಾಠದಲ್ಲೇ ಆಟವಾದರೆ ಅವಳ ಪಾಳಿಯೂ ಬರುತ್ತದೆ. ವರ್ಷಗಟ್ಟಲೆ ಬಾಯಿ ತೆರೆಯದೆ ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ.

ಧಾರವಾಡದಲ್ಲಿ ರಂಗಾಯಣವಿದೆ, ದೂರವೇನಿಲ್ಲ. ಊರಲ್ಲಿ ಆಟ ಕಲಿಸಿದ ಒಬ್ಬರಾದರೂ ಹಿರಿಯರು ಇದ್ದೇ ಇರುತ್ತಾರೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಿರೀಟದ ಬಾಡಿಗೆ ಲೆಕ್ಕ ಬಂದಾಗ, ಅವರನ್ನು ಒಂದು ದಿನ ಕನ್ನಡ ಪಿರಿಯಡ್ಡಿಗೆ ಕರೆಸುವ ಮಾತನ್ನೂ ಯಾರಾದರೂ ಎತ್ತಿರಿ.